ಕಿಟಕಿಯ ಮುಂದೆ ಮಿಸೆಸ್ ಪೆಟ್‌ವೇ

ಗಂಡ ಕ್ಲೀವನ್‌ನನ್ನು ಮಣ್ಣು ಮಾಡಿದ ಮೇಲೆ ನಾನು ಮನೆಯಿಂದ ಹೊರಬಿದ್ದದ್ದು ಮತದಾರಳಾಗುವುದಕ್ಕೆ. ಸಾವಿರದ ಒಂಬೈನೂರ ಅರವತ್ತಮೂರನೆಯ ಇಸವಿ. ಅಲಬಾಮಾದ ನಮ್ಮ ಊರಿನಲ್ಲಿ ಕಪ್ಪು ಜನಕ್ಕೆ ಅದು ಸುಲಭವಾಗಿರಲಿಲ್ಲ. ಹೆಸರು ಬರೆಸಲು ಹೋದವರ ಕೆಲಸ ಹೋಗುತ್ತಿತ್ತು, ಕೆಲವರ ಮನೆಗೆ ಬೆಂಕಿ ಬೀಳುತ್ತಿತ್ತು.

ನಮ್ಮ ಚರ್ಚಿನ ಪಾಸ್ಟರ್ ಗ್ರೀರ್ ತಡೆದರು. "ಮೊದ್ಲು ಗಂಡಸರು ಹೋಗಲಿ, ಸಿಸ್ಟರ್. ಹೆಂಗಸರದ್ದು ಆಮೇಲೆ ನೋಡೋಣ."

"ಬೈಬಲ್ಲಿನ ದೆಬೋರ ಇಸ್ರಾಯೇಲಿಗೆ ನ್ಯಾಯ ಹೇಳೋವಾಗ ಯಾವ ಗಂಡಸಿಗೆ ಕಾದಿದ್ಲು, ಪಾಸ್ಟರ್?" ಎಂದೆ. ಅವರು ಕೆಮ್ಮಿದರು.

ಚರ್ಚಿನ ನೆಲಮಾಳಿಗೆಯಲ್ಲಿ ನಮಗೆ ಪಾಠವಾಗಿತ್ತು. ಕಾನೂನು ಮಾಡುವುದು ಕಾಂಗ್ರೆಸ್ಸು ಎಂಬ ಸಂಸತ್ತು, ನಡೆಸುವವನು ಅಧ್ಯಕ್ಷ, ತಪ್ಪಿದರೆ ತಡೆಯುವುದು ನ್ಯಾಯಾಲಯ. ಎಲ್ಲಕ್ಕೂ ಮೇಲೆ ಜನ. ಆ ಜನರಲ್ಲಿ ಒಬ್ಬಳಾಗಬೇಕಾದರೆ ಕೋರ್ಟಿನಲ್ಲಿ ಮತದಾರರ ಹೆಸರು ಬರೆದುಕೊಳ್ಳುವ ಒಂದು ಕಿಟಕಿ ದಾಟಬೇಕಿತ್ತು.

ಹೆಸರು ಬರೆಸುವ ದಿನ ನಾವು ಕೆಲವು ಹೆಂಗಸರು ಕೋರ್ಟಿನ ಬಾಗಿಲಲ್ಲೇ ಹೆಸರು ಹೇಳಿ ಬೆಂಚಿನಲ್ಲಿ ಕುಳಿತೆವು. ಕಿಟಕಿಯ ಹಿಂದಿನ ಗುಮಾಸ್ತ ಬಿಳಿಯರನ್ನೆಲ್ಲ ಮಿಸ್ಟರ್, ಮಿಸೆಸ್ ಎಂದು ಕರೆದು ಮುಗಿಸಿದ. ಮೀಸೆ ಸರಿಯಾಗಿ ಮೂಡದ ಹುಡುಗ.

"ಒಝೆಲಾ! ಬಾ ಇಲ್ಲಿ."

ನಾನು ಏಳಲಿಲ್ಲ. ನಮ್ಮ ಹೆಂಗಸರಿಗೆ ತಲೆ ನೆರೆತರೂ ಬಿಳಿಯರ ಬಾಯಲ್ಲಿ ಮಿಸೆಸ್ ಬರುತ್ತಿರಲಿಲ್ಲ. ಕ್ಲೀವನ್ ನನಗೆ ಬಿಟ್ಟುಹೋದದ್ದು ಪೆಟ್‌ವೇ ಎಂಬ ಅವನ ಮನೆತನದ ಹೆಸರೊಂದನ್ನೇ.

ಪಕ್ಕದ ಮನೆಯ ವೆರ್ನಾ ತಿವಿದಳು. "ಏಳಿ ದೊಡ್ಡಮ್ಮ! ಈಗ ಬಿಟ್ರೆ ಮುಂದಿನ ತಿಂಗಳೇ."

"ಕಿವುಡೇನೇ ಮುದುಕಿ? ಒಝೆಲಾ!"

"ಕಿವಿ ಚೆನ್ನಾಗೇ ಕೇಳುತ್ತಪ್ಪ. ನನ್ನನ್ನ ಹಾಗೆ ಕರೀತಿದ್ದವರು ನಮ್ಮಮ್ಮ, ನನ್ನ ಗಂಡ. ಇಬ್ರೂ ಮಣ್ಣಲ್ಲಿದ್ದಾರೆ. ನೀನು ಅವರಲ್ಲಿ ಯಾರು?"

ಯಾರೋ ಕಿಸಕ್ಕನೆ ನಕ್ಕರು. ಗುಮಾಸ್ತನ ಕತ್ತು ಕೆಂಪೇರಿತು.

"ನಿನ್ನ ಸರದಿ ಹೋಯ್ತು."

"ಸರದಿ ಹೋಗ್ಲಿ. ನಾನು ಹೋಗಲ್ಲ. ಮಿಸೆಸ್ ಪೆಟ್‌ವೇ ಅನ್ನು, ಬರ್ತೀನಿ."

"ವೆರ್ನಾ!" ಎಂದು ಕೂಗಿದ. ಅರ್ಧ ಎದ್ದ ಹುಡುಗಿ ನನ್ನ ಮುಖ ನೋಡಿದಳು, ಮತ್ತೆ ಕುಳಿತಳು. "ನಾನು ಮಿಸ್ ಹೋಲ್ಟ್," ಎಂದಳು. ಅವಳ ಆಚೆಯವಳನ್ನು ಕರೆದ, ಅವಳೂ ಏಳಲಿಲ್ಲ. ಕಿಟಕಿ ಧಡಾರನೆ ಮುಚ್ಚಿತು.

"ಹೋಯ್ತಲ್ಲ ದೊಡ್ಡಮ್ಮ," ಎಂದು ವೆರ್ನಾ ಅತ್ತಳು.

ಅವಳ ಕೈ ಹಿಡಿದುಕೊಂಡು, ಒಳಗಿನವನಿಗೂ ಕೇಳುವಂತೆ ಪ್ರಾರ್ಥಿಸಿದೆ: "ಕರ್ತನೇ, ಮೂಕನ ನಾಲಿಗೆಯ ಕಟ್ಟು ಬಿಚ್ಚಿದವನು ನೀನು. ಈ ಕಿಟಕಿ ಹಿಂದೆಯೂ ಒಬ್ಬ ಇದ್ದಾನೆ. ಎರಡೇ ಮಾತು ಸಾಕು. ಬಿಚ್ಚು."

"ಆಮೆನ್!" ಎಂದಿತು ಇಡೀ ಬೆಂಚು.

ಒಳಗೆ ಕುರ್ಚಿ ಎಳೆದ ಸದ್ದಾಯಿತು. ಕಿಟಕಿ ತೆರೆಯಲಿಲ್ಲ. ನಾವೂ ಏಳಲಿಲ್ಲ.