ಕಾಯಿ ಇಟ್ಟ ಸೀರೆ

ಮಿರಜದ ನಮ್ಮ ಅಂಗಡಿಯಲ್ಲಿ ಮದುವೆ ಸೀರೆ ಕೊಂಡವರಿಗೆ ಮದುಮಗಳ ಮಡಿಲು ತುಂಬುವ ಉಡಿಯ ಕಾಯಿಯೆಂದು ಸೀರೆಯ ಮೇಲೆ ತೆಂಗಿನಕಾಯಿ ಇಟ್ಟೇ ಕೊಡುವಳು ನನ್ನ ಹೆಂಡತಿ ಶಾಲನ. ಮಗ ಕೇತನ ಪ್ರತಿ ಸೀರೆಗೂ ರೇಡಿಯೋ ಚೀಟಿ ಅಂಟಿಸಿ, ಹೊರಹೋಗುವ ಸೀರೆಗಳ ಲೆಕ್ಕಕ್ಕೆಂದು ಅದನ್ನು ಓದುವ ಯಂತ್ರವನ್ನು ಬಾಗಿಲಲ್ಲಿ ನಿಲ್ಲಿಸಿದ. ಮಾರಿಹೋದ ಮದುವೆ ಸೀರೆಗಳು ಮಾತ್ರ ಇನ್ನೂ ಅಂಗಡಿಯಲ್ಲೇ ಇವೆ ಎಂದು ಕಂಪ್ಯೂಟರ್ ತೋರಿಸತೊಡಗಿತು. ಕಾಯಿಯೊಳಗಿನ ನೀರು ರೇಡಿಯೋ ಅಲೆಯನ್ನು ತಡೆಯುತ್ತದೆ ಎಂದರು ಯಂತ್ರದವರು.

ಗಿರಾಕಿಗಳ ಎದುರಿಗೇ ಕೇತನ ಅಂದ, “ಆಯಿ, ಇನ್ನ ಕಾಯಿ ಇಡೂದು ಬ್ಯಾಡ.”

“ಮದುಮಗಳ್ನ ಖಾಲಿ ಉಡೀಲೆ ಕಳಸ್ಲ್ಯಾ? ನಿನ್ನ ಯಂತ್ರಕ್ಕ ಉಡಿ ತುಂಬತೀನಿ, ತಡಿ!”

ಎಲ್ಲರೂ ನಕ್ಕರು. ಶಾಲನ ಮಾತ್ರ ಕಾಯಿಯನ್ನು ಮಡಿಲಲ್ಲಿ ಹಿಡಿದು ಕುಳಿತಳು. ಕೇತನ ಅವಳನ್ನೇ ನೋಡಿದ. ಗಿರಾಕಿಗಳು ಕೊಂಡ ಸೀರೆಯನ್ನಷ್ಟೇ ಎತ್ತಿಕೊಂಡು ಬಾಗಿಲು ದಾಟಿದ. ಯಂತ್ರ ಕುಂಯ್ ಅಂದಿತು. ಮೆಟ್ಟಿಲ ಮೇಲೆ ನಿಂತು ಕೂಗಿದ:

“ಆಯಿ, ಕಾಯಿ ತಗೊಂಡ ಹೊರಗ ಬಾ. ಇಲ್ಲೇ ಇಡು.”

ಅಂದಿನಿಂದ ಅವಳ ಕುರ್ಚಿ ಬಾಗಿಲ ಹೊರಗಿದೆ. ನನ್ನದೂ.