ಚಾದರದ ಆ ತುದಿ

"ನಿನ್ನ ಕಥೇಲಿ ಸೂರ್ಯ ಹುಟ್ಟೋದ್ರೊಳಗೆ ಇನ್ನೂ ನಾಲ್ಕು ಚಾದರ ಮಡಚಿ ಹಾಕ್ಬಹುದು ಕಣೆ," ಅಂದಳು ಲಾಂಡ್ರಿಯ ಹಿರಿಯಳು ದೊಡ್ಡಕ್ಕ, ತನ್ನ ಕೈಯಲ್ಲಿದ್ದ ತುದಿಯನ್ನು ಜೊತೆಗೆ ಕೆಲಸ ಮಾಡುವವಳ ಕೈಗಿಟ್ಟು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಚಾದರ ಮಡಚುವುದು ಇಬ್ಬರ ಕೆಲಸ. ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು ಜಗ್ಗಬೇಕು. ಒಬ್ಬರತ್ತ ಒಬ್ಬರು ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಆಮೇಲೆ ಒಬ್ಬಳು ಕೈಬಿಡಬೇಕು. ನಡೆದು ಬರುವ ಅಷ್ಟು ಹೊತ್ತಿನಲ್ಲಿ ಅವಳು ತಾನು ಬರೆಯುತ್ತಿದ್ದ ಕಥೆಯ ಮೊದಲ ಸಾಲನ್ನು ದೊಡ್ಡಕ್ಕನಿಗೆ ಹೇಳಿ ನೋಡುತ್ತಿದ್ದಳು. ದಿನಾ ಹೊಸ ಹೊಸ ಸಾಲು. ಒಂದಕ್ಕಾದರೂ ದೊಡ್ಡಕ್ಕ "ಮುಂದೇನಾಯ್ತು?" ಎಂದು ಕೇಳಿದ್ದಿಲ್ಲ. ಅಂಚು ಕೂಡಿತೋ, ಕೈಬಿಟ್ಟು ರಾಶಿಯತ್ತ ತಿರುಗಿಬಿಡುವಳು.

ಮನೆಯಲ್ಲಿ ಗಂಡ ಎರಡು ಸಾಲು ಕೇಳಿ, "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಆಕಳಿಸಿದ್ದ. ಇವತ್ತೂ ದೊಡ್ಡಕ್ಕ ಕಿವಿಗೊಡದಿದ್ದರೆ ಬರೆದದ್ದನ್ನೆಲ್ಲ ಹರಿದು ಹಾಕಿ, ಈ ಹುಚ್ಚಿಗೆ ಕೈಮುಗಿಯುವುದೆಂದು ಅವಳು ನಿಶ್ಚಯಿಸಿಕೊಂಡು ಬಂದಿದ್ದಳು.

ಕಿಟಕಿಯ ಬಿಸಿಲು ಹಬೆಯೊಳಗೆ ಹಾಲಿನಂತೆ ಕದಡಿತ್ತು. ಬಿಳಿಯ ಬಟ್ಟೆಗಳ ನಡುವೆ ದೊಡ್ಡಕ್ಕನ ಮುಖ ತೇಲಿ ಬರುತ್ತಿತ್ತು, ತೇಲಿ ಹೋಗುತ್ತಿತ್ತು.

"ಹೊಳೆ ದಡದಲ್ಲಿ ಒಂದು ಚೆಂದದ ಮನೆ..."

"ಬಾಡಿಗೆಗಿದ್ಯಾ?"

ಅವಳಿಗೆ ನಗು ಬಂತು. ಇನ್ನೊಂದು ಚಾದರ ಎತ್ತಿಕೊಂಡರು. ಒಣಗಿಸುವ ಯಂತ್ರದಿಂದ ಆಗಷ್ಟೇ ತೆಗೆದದ್ದು, ಮೈಬಿಸಿಯಷ್ಟು ಬೆಚ್ಚಗಿತ್ತು. ಇನ್ನು ಹೇಳುವುದೇನೂ ಉಳಿದಿಲ್ಲವೆಂದುಕೊಂಡೇ ಅವಳು ಹೆಜ್ಜೆಯಿಟ್ಟಳು. ಬಾಯಿ ತಾನಾಗಿ ತೆರೆಯಿತು.

"ಅಮ್ಮ ಮನೆ ಬಿಟ್ಟುಹೋದ ದಿನ ಅವಳ ಜಡೆ ಹೆಣೆದವಳು ನಾನೇ."

ಅದು ಅವಳು ಬರೆದ ಸಾಲಾಗಿರಲಿಲ್ಲ. ಯಾರೋ ಪಕ್ಕದಲ್ಲಿ ನಿಂತು ಹೇಳಿದಂತಿತ್ತು.

ಅಂಚಿಗೆ ಅಂಚು ಕೂಡಿತು. ದೊಡ್ಡಕ್ಕ ಕೈಬಿಡಲಿಲ್ಲ.

"ಬಿಗಿಯಾಗಿ ಹೆಣೆದಿದ್ಯಾ, ಸಡಿಲವಾಗಾ?"

ಅವಳ ಬೆರಳಿಗೆ ಕೂದಲ ನುಣುಪು, ಎಣ್ಣೆಯ ತಂಪು ತಾಗಿದಂತಾಯಿತು. "ಬಿಗಿಯಾಗಿ. ಸಂಜೆವರೆಗೂ ಬಿಚ್ಚಿಕೊಳ್ಳದ ಹಾಗೆ."

"ಅಯ್ಯೋ ನನ್ನವ್ವ. ಅವಳೇನಂದ್ಲು?"

"ಏನ್ರಮ್ಮ, ನಿಂತಲ್ಲೇ ನಿದ್ದೆ ಹೋದ್ರಾ?" ಇಸ್ತ್ರಿ ಮೇಜಿನ ಕಡೆಯಿಂದ ಯಾರೋ ಕೂಗಿದರು.

ದೊಡ್ಡಕ್ಕ ಅತ್ತ ತಿರುಗಲೇ ಇಲ್ಲ. ಮಡಿಕೆಯೊಳಗೆ ಸಿಕ್ಕಿಕೊಂಡಿದ್ದ ಬಿಸಿಗಾಳಿ ಮೆಲ್ಲಗೆ ಹೊರಬಂದು, ಇಬ್ಬರ ಮುಂಗೂದಲನ್ನೂ ಅಲುಗಿಸುತ್ತಿತ್ತು.