ಬಾಗಿಲವರೆಗೆ

ಮಂಜೂರ್ ಸಾಹೇಬರ ಮುರಿದ ಕಾಲಿನ ಮೂಳೆ ಕೂಡಿತ್ತು, ಕಾಲಿಗೆ ಬಲವೂ ಬಂದಿತ್ತು. ಆದರೂ ಮನುಷ್ಯ ಮಂಚ ಬಿಟ್ಟು ಏಳುತ್ತಿರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ತಮ್ಮ ಬಟ್ಟೆ ಅಂಗಡಿಯಲ್ಲಿ ಏಣಿಯಿಂದ ಬಿದ್ದ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ. ಈ ವಾರ ನಿಲ್ಲದಿದ್ದರೆ ಮಂಡಿ ಹಾಗೇ ಸೆಟೆದುಕೊಂಡುಬಿಡುತ್ತದೆ, ಆಮೇಲೆ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ವ್ಯಾಯಾಮ ಮಾಡಿಸಲು ಶಿವಾಜಿನಗರದ ಆ ಮನೆಗೆ ದಿನಾ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ರಶ್ಮಿಗೆ ತಲೆ ಕೆಟ್ಟುಹೋಗಿತ್ತು.

"ಅಂಕಲ್‌ಗೆ ಮೋಟಿವೇಷನ್ ಇಲ್ಲ ಆಂಟಿ," ಎಂದಳು.

"ಅದು ಮೆಡಿಕಲ್‌ನಲ್ಲಿ ಸಿಗುತ್ತಾ?" ಎಂದರು ಅವರ ಹೆಂಡತಿ ವಾಜಿದಾ. ಗಂಡನನ್ನು ಎತ್ತಿ ಕೂರಿಸಿ ಕೂರಿಸಿ ಆಕೆಯ ಸೊಂಟ ಬಿದ್ದುಹೋಗಿತ್ತು. ಕೇಳಿದ್ದು ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

"ಇಲ್ಲ ಆಂಟಿ. ಏಳ್ಬೇಕು ಅನ್ನೋದು ಅವರ ಒಳಗಿಂದ ಬರ್ಬೇಕು."

ಒಳಗಿಂದ ಬರಲೆಂದು ರಶ್ಮಿ ಮಾಡದ ಕಸರತ್ತಿಲ್ಲ. ಅಂಗಡಿ ನೆನಪಿಸಿದಳು, ನಮಾಜು ನೆನಪಿಸಿದಳು, ಮೊಬೈಲಿನಲ್ಲಿ ಯಾರ್ಯಾರದೋ ಭಾಷಣ ಕೇಳಿಸಿದಳು. "ಆಗಲ್ಲಮ್ಮ," ಅನ್ನುವುದೊಂದೇ ಉತ್ತರ. ಇವತ್ತೂ ವಾಕರ್ ತಂದು ಮುಂದಿಟ್ಟಾಗ ಅವರು ಮುಖವನ್ನು ಗೋಡೆ ಕಡೆಗೆ ತಿರುಗಿಸಿದರು.

ರಶ್ಮಿಯ ತಾಳ್ಮೆ ಮುಗಿಯಿತು.

"ಹಂಗಾದ್ರೆ ಮಲ್ಕೊಂಡೇ ಇರಿ. ನಾಳೆಯಿಂದ ನಾನು ಬರಲ್ಲ," ಎಂದು ಬ್ಯಾಗು ಎತ್ತಿಕೊಂಡಳು. ವಾಜಿದಾ ಮಾಡಿಟ್ಟ ಶರಬತ್ತನ್ನು ಮುಟ್ಟಲಿಲ್ಲ. ದಿನವೂ "ನೀವು ಏಳ್ಬೇಡಿ ಅಂಕಲ್, ಬರ್ತೀನಿ" ಎಂದು ನಗುತ್ತಾ ಹೊರಡುತ್ತಿದ್ದವಳು ಇವತ್ತು ತಿರುಗಿಯೂ ನೋಡಲಿಲ್ಲ.

ನಡುಮನೆ ದಾಟುವಾಗ ಬೆನ್ನ ಹಿಂದೆ ವಾಕರ್ ನೆಲಕ್ಕೆ ಕುಟ್ಟಿದ ಸದ್ದಾಯಿತು. ಮತ್ತೊಮ್ಮೆ ಕುಟ್ಟಿತು. ತಿರುಗಿದರೆ ಕೋಣೆಯ ಹೊಸ್ತಿಲಲ್ಲಿ ಮಂಜೂರ್ ಸಾಹೇಬರು ನಿಂತಿದ್ದಾರೆ! ಮೈಭಾರವನ್ನೆಲ್ಲ ವಾಕರ್ ಮೇಲೆ ಹಾಕಿದ್ದಾರೆ.

"ಕೋಪ ಮಾಡ್ಕೊಂಡು ಹೋಗ್ಬೇಡಮ್ಮ," ಎಂದರು ಏದುಸಿರಿನಲ್ಲಿ. "ಏನೂ ತಗೊಳ್ದೆ ಹೋಗೋ ಗಿರಾಕೀನೂ ನಾನು ಬಾಗಿಲವರೆಗೂ ಬಂದು ಕಳಿಸ್ದೋನು."

ರಶ್ಮಿಗೆ ನಾಚಿಕೆಯಾಯಿತು. ಏಳಬೇಡಿ, ಏಳಬೇಡಿ ಎಂದು ಇಷ್ಟು ದಿನ ಅವರನ್ನು ಮಲಗಿಸಿದವಳು ತಾನೇ ಅಲ್ಲವೇ.

ವಾಜಿದಾ ಗಂಡನನ್ನು ಹಿಡಿದುಕೊಳ್ಳಲು ಓಡಿದರು. ರಶ್ಮಿ ಆಕೆಯ ತೋಳು ಹಿಡಿದು ತಡೆದಳು. ಈಗ ಬಿದ್ದರೆ ಈ ಮನುಷ್ಯ ಇನ್ನೆಂದೂ ಏಳುವುದಿಲ್ಲ ಎಂಬ ಭಯ ಅವಳಿಗೂ ಇತ್ತು. ಕೈಗೆಟುಕುವಷ್ಟು ಹತ್ತಿರ ಹೋಗಿ ನಿಂತಳು, ಮುಟ್ಟಲಿಲ್ಲ.

"ನಾನಿನ್ನೂ ಹೊರಟಿಲ್ಲ ಅಂಕಲ್," ಎಂದಳು. "ಚಪ್ಪಲಿ ಆಚೆ ಬಿಟ್ಟಿದ್ದೀನಿ. ಅಲ್ಲಿವರೆಗೂ ಬಂದು ಕಳಿಸಿ."